ಕೆಲಸ ಹುಡುಕಿ ಹೊರಟ ಕವಿಗಳು

‘ಉದ್ಯೋಗಂ ಪುರುಷಲಕ್ಷಣಂ’ ಎಂಬ ಮಾತನ್ನು ಹಿರಿಯರ ಬಾಯಿಂದ ಕೇಳದ ಪದವೀಧರನಿಲ್ಲ. ಆದರೆ ಆ ಉದ್ಯೋಗವನ್ನು ಸಂಪಾದಿಸುವ ಬಗೆ ಯಾವುದೆಂಬುದನ್ನು ಆ ಮಾತು ಹೇಳುವುದಿಲ್ಲ. ಕಾಲೇಜಿನಲ್ಲಿ ಹಳಗನ್ನಡ ಪಾಠ ಹೇಳುವ ನನ್ನನ್ನು, “ಇದನ್ನು ಓದಿದರೆ ಕೆಲಸ ಸಿಕ್ಕೀತೆ, ಸಾರ್?” ಎಂದು ಹುಡುಗರು ಕೇಳುವುದುಂಟು. ಆ ಹಳಗನ್ನಡವನ್ನು ಬರೆದವರೇ ಕೆಲಸಕ್ಕಾಗಿ ಅಲೆದವರೆಂಬುದು ಅವರಿಗೆ ಹೊಳೆದಿರುವುದಿಲ್ಲ. ಅಂದು ಆಸ್ಥಾನಗಳು ಕೆಲವು, ಆಶ್ರಯ ಬೇಡುವ ವಿದ್ವಾಂಸರು ಹಲವರು. ಆ ಪೈಪೋಟಿಯಲ್ಲಿ ಗೆದ್ದವರು ಹೇಗೆ ಗೆದ್ದರೆಂಬುದು ವಿಚಾರಯೋಗ್ಯವಾದ ಸಂಗತಿ.

ರನ್ನನನ್ನೇ ನೋಡೋಣ. ಹುಟ್ಟಿದ್ದು 949ರಲ್ಲಿ, ಮುದುವೊಳಲಿನಲ್ಲಿ, ಎಂದರೆ ಇಂದಿನ ಮುಧೋಳದಲ್ಲಿ. ಮನೆತನದ ಕಸುಬು ಬಳೆಯ ವ್ಯಾಪಾರ. ಕಾವ್ಯಕ್ಕೂ ರಾಜಸಭೆಗೂ ದೂರವಾದ ಮನೆಯಿಂದ ಹೊರಟ ಈ ತರುಣ ದಕ್ಷಿಣದ ಗಂಗರ ನಾಡನ್ನು ಸೇರಿ, ಅಜಿತಸೇನಾಚಾರ್ಯರ ಶಿಷ್ಯನಾದನು. ಗಂಗರ ಮಂತ್ರಿ ಚಾವುಂಡರಾಯನಿಗೂ ಅವರೇ ಗುರುಗಳು. ಹೀಗೆ ವಿದ್ಯೆ ದೊರೆತ ಕಡೆಯಲ್ಲೇ ಆಶ್ರಯವೂ ದೊರೆಯಿತು. ಶ್ರವಣಬೆಳಗೊಳದ ಚಿಕ್ಕಬೆಟ್ಟದ ಬಂಡೆಯ ಮೇಲಿರುವ ‘ಶ್ರೀ ಕವಿರತ್ನ’ ಎಂಬ ಬರಹ ರನ್ನನದೇ ಎಂದು ವಿದ್ವಾಂಸರು ಅಭಿಪ್ರಾಯಪಟ್ಟಿದ್ದಾರೆ.

ಆದರೆ ಕಾಲ ಬದಲಾಗುತ್ತಿತ್ತು. 973ರಲ್ಲಿ ಚಾಲುಕ್ಯ ತೈಲಪನು ರಾಷ್ಟ್ರಕೂಟರ ರಾಜ್ಯವನ್ನು ಕಿತ್ತುಕೊಂಡನು. ಅವರನ್ನು ನೆಚ್ಚಿದ್ದ ಗಂಗರ ಬಲವೂ ಕುಗ್ಗತೊಡಗಿತು. ರನ್ನ ಉತ್ತರಕ್ಕೆ ಮುಖಮಾಡಿದನು. ನೇರವಾಗಿ ಚಕ್ರವರ್ತಿಯ ಬಾಗಿಲು ತಟ್ಟಲಿಲ್ಲ. ತೈಲಪನ ದಂಡನಾಯಕನಾಗಿದ್ದ ನಾಗದೇವನ ಪತ್ನಿ ಅತ್ತಿಮಬ್ಬೆಯ ಪೋಷಣೆಯಲ್ಲಿ 993ರಲ್ಲಿ ‘ಅಜಿತಪುರಾಣ’ವನ್ನು ರಚಿಸಿದನು. ಪೊನ್ನನ ‘ಶಾಂತಿಪುರಾಣ’ಕ್ಕೆ ಸಾವಿರ ಪ್ರತಿಗಳನ್ನು ಬರೆಸಿ ಹಂಚಿದ ಆ ಮಹಾತಾಯಿಗೆ ಕಾವ್ಯದ ಬೆಲೆ ಗೊತ್ತಿತ್ತು. ಸಾಮಂತರಿಂದ ಮಂಡಲೇಶ್ವರರಿಗೆ, ಅಲ್ಲಿಂದ ಚಕ್ರವರ್ತಿಗೆ, ಹೀಗೆ ಮೆಟ್ಟಿಲು ಮೆಟ್ಟಿಲಾಗಿ ತಾನು ಏರಿದುದನ್ನು ಕವಿ ತಾನೇ ಹೆಮ್ಮೆಯಿಂದ ಹೇಳಿಕೊಂಡಿದ್ದಾನೆ. ತೈಲಪನಿಂದ ‘ಕವಿಚಕ್ರವರ್ತಿ’ ಎಂಬ ಬಿರುದೂ ಬಂದಿತು.

ಇನ್ನೊಂದು ಉಪಾಯವನ್ನು ಅವನು ಹಿರಿಯನಿಂದ ಕಲಿತನು. 941ರಲ್ಲಿ ಪಂಪನು ತನ್ನ ಒಡೆಯ ಅರಿಕೇಸರಿಯನ್ನು ಅರ್ಜುನನೊಡನೆ ಸಮೀಕರಿಸಿ ಭಾರತವನ್ನು ಬರೆದು ಅಗ್ರಹಾರವನ್ನು ಪಡೆದಿದ್ದನು. ರನ್ನ ತೈಲಪನ ಮಗ ಸತ್ಯಾಶ್ರಯನನ್ನು ಭೀಮನನ್ನಾಗಿಸಿ ‘ಗದಾಯುದ್ಧ’ವನ್ನು ಬರೆದನು. ಕೊಡುವವನಿಗೆ ಬೇಕಾದುದೇನೆಂಬುದನ್ನು ಬೇಡುವವನು ಅರಿತಿರಬೇಕಷ್ಟೆ!

ಸುಮಾರು ಒಂದು ಶತಮಾನದ ಅನಂತರ ಇದೇ ವಂಶದ ಆಸ್ಥಾನಕ್ಕೆ ಕಾಶ್ಮೀರದ ಬಿಲ್ಹಣ ಬಂದನು. ಮಥುರೆ, ಕನೌಜು, ಪ್ರಯಾಗ, ಕಾಶಿಗಳನ್ನು ಸುತ್ತಿ, ಡಾಹಲದ ಕರ್ಣನ ಸಭೆಯಲ್ಲಿ ಇದ್ದು, ಗುಜರಾತನ್ನು ದಾಟಿ, ಕೊನೆಗೆ ಕಲ್ಯಾಣದಲ್ಲಿ ಆರನೆಯ ವಿಕ್ರಮಾದಿತ್ಯನ (1076-1126) ‘ವಿದ್ಯಾಪತಿ’ಯಾದನು. ‘ವಿಕ್ರಮಾಂಕದೇವಚರಿತ’ದ ಹದಿನೆಂಟನೆಯ, ಎಂದರೆ ಕೊನೆಯ, ಸರ್ಗದಲ್ಲಿ ರಾಜನನ್ನು ಬದಿಗಿಟ್ಟು ತನ್ನ ಊರು, ಮನೆತನ, ಅಲೆದಾಟಗಳನ್ನೇ ವರ್ಣಿಸಿದ್ದಾನೆ. ಇಂದಿನ ಅರ್ಜಿಗೆ ಲಗತ್ತಿಸುವ ಸ್ವಪರಿಚಯವನ್ನು ಓದಿದಂತಾಗುತ್ತದೆ! ಆನೆಯೇರಿ ಕೊಡೆ ಹಿಡಿಸಿಕೊಂಡು ಮೆರೆದ ಬಿಲ್ಹಣನು, ತನ್ನ ನಾಡಿನಲ್ಲಿ ಹರ್ಷನೆಂಬ ದೊರೆ ಕವಿಗಳನ್ನು ಆದರಿಸುವುದನ್ನು ಕೇಳಿ, ಈ ವೈಭವವೆಲ್ಲ ಬರಿಯ ಭ್ರಾಂತಿಯೆಂದುಕೊಂಡನೆಂದು ಕಲ್ಹಣನು ‘ರಾಜತರಂಗಿಣಿ’ಯಲ್ಲಿ ಬರೆದಿದ್ದಾನೆ. ದೊಡ್ಡ ಕೆಲಸ ಸಿಕ್ಕಿತು, ಮನಸ್ಸು ಊರಿನಲ್ಲೇ ಉಳಿಯಿತು.

ಅನ್ನಕ್ಕಾಗಿ ಹೊಗಳಿದವರೆಂದು ಇಂಥ ಕವಿಗಳನ್ನು ಹಳಿಯುವವರಿದ್ದಾರೆ. ಆ ಆಕ್ಷೇಪಣೆ ಪೂರ್ತಿ ಸುಳ್ಳಲ್ಲ. ಆದರೂ ‘ಗದಾಯುದ್ಧ’ವನ್ನು ಓದಿ ಮುಗಿಸಿದವರ ನೆನಪಿನಲ್ಲಿ ನಿಲ್ಲುವವನು ಯಾರು? ಒಡೆಯನಿಗಾಗಿ ಕಟ್ಟಿದ ಭೀಮನಲ್ಲ. ರಣರಂಗದಲ್ಲಿ ದುಶ್ಶಾಸನನ, ಕರ್ಣನ ಹೆಣಗಳ ಮುಂದೆ ಗೋಳಿಡುವ, ಹಗೆಯ ಮಗನಾದ ಅಭಿಮನ್ಯುವಿನ ಶೌರ್ಯಕ್ಕೂ ಕೈಮುಗಿಯುವ ದುರ್ಯೋಧನನು. ಸಂಬಳ ಭೀಮನಿಗೆ ಸಂದಿತು, ಕರುಳು ದುರ್ಯೋಧನನಿಗೆ ಮಿಡಿಯಿತು. ಗುರು, ಪರಿಚಯ, ಕಾಲಜ್ಞಾನ, ಮೆಟ್ಟಿಲೇರುವ ತಾಳ್ಮೆ ಇವೆಲ್ಲ ಕೆಲಸ ದೊರಕಿಸಿಕೊಡುತ್ತವೆ, ರನ್ನನಿಗೂ ದೊರಕಿಸಿಕೊಟ್ಟವು. ಆದರೆ ಒಡೆಯನಿಗೆ ಮಾರದೆ ತನಗಾಗಿ ಉಳಿಸಿಕೊಂಡ ಪಾಲಿನಿಂದಲೇ ಅವನು ಸಾವಿರ ವರ್ಷ ಬಾಳಿದ್ದಾನೆ. ಕೆಲಸಕ್ಕೆ ಹೊರಟ ತರುಣರು ಅವನಿಂದ ಉಪಾಯಗಳನ್ನು ಕಲಿಯಲಿ. ಈ ಪಾಲನ್ನೂ ಮರೆಯದಿರಲಿ.