ಗಾಡಿ ಟೈಮು, ಊರಿನ ಹೊತ್ತು

ಕಡೂರಿನಲ್ಲಿ ಸೂರ್ಯ ನೆತ್ತಿಗೆ ಬರುವಾಗ ಗಡಿಯಾರದಲ್ಲಿ ಸರಾಸರಿ 12 ಗಂಟೆ 26 ನಿಮಿಷ ಆಗಿರುತ್ತದೆ. ಅಜ್ಜಂಪುರ ಹೆಚ್ಚುಕಡಿಮೆ ಅದೇ ರೇಖಾಂಶದ ಮೇಲಿದೆ, ಅಲ್ಲೂ ಅಷ್ಟೆ. ಸ್ವಲ್ಪ ಪಡುವಣಕ್ಕಿರುವ ತರೀಕೆರೆಯಲ್ಲಿ ಇನ್ನೊಂದು ಮುಕ್ಕಾಲು ನಿಮಿಷ ತಡ. ಸೂರ್ಯನಿಗೂ ಗಡಿಯಾರಕ್ಕೂ ನಡುವಿನ ಈ ಅಂತರ ಇಲ್ಲಿನ ಮಣ್ಣಿನದಲ್ಲ. ಅದು ರೈಲು ಹತ್ತಿ ಬಂದದ್ದು. ಅದರ ಜೊತೆಗೇ ಈ ಸೀಮೆಯ ಪ್ಲಾಟ್‌ಫಾರಂಗಳಲ್ಲಿ ‘ಟೈಮು’, ‘ಲೇಟು’ ಎಂಬ ಎರಡು ಮಾತೂ ಇಳಿದವು. ಇಳಿದವು ಮತ್ತೆ ಹತ್ತಲಿಲ್ಲ.

ಅದಕ್ಕೆ ಮುಂಚೆ ಇಲ್ಲಿ ಕಾಲದ ಲೆಕ್ಕ ಇರಲಿಲ್ಲವೆಂದಲ್ಲ. ಬೆಳ್ಳಿ ಮೂಡುವ ಹೊತ್ತು, ಕೋಳಿ ಕೂಗುವ ಹೊತ್ತು, ದನ ಬಿಡುವ ಹೊತ್ತು, ದೀಪ ಹಚ್ಚುವ ಹೊತ್ತು ಎಂದು ದಿನವನ್ನು ಕೆಲಸಕ್ಕೆ ಕಟ್ಟಿ ಅಳೆಯುತ್ತಿದ್ದರು. ಅಮೃತಮಹಲ್ ಕಾವಲುಗಳು ಹರಡಿಕೊಂಡಿದ್ದ ಕಡೂರು, ಅಜ್ಜಂಪುರದ ಬಯಲಿನಲ್ಲಿ ದನ ಬಿಡುವ ಹೊತ್ತೆಂದರೆ ಊರಿಗೆಲ್ಲ ಗೊತ್ತಿದ್ದ ಹೊತ್ತು. ಸೂಕ್ಷ್ಮ ಬೇಕಾದಾಗ ಜೋಯಿಸರ ಬಳಿ ಗಳಿಗೆಯಿತ್ತು: ದಿನಕ್ಕೆ ಅರವತ್ತು ಗಳಿಗೆ, ಒಂದೊಂದು ಗಳಿಗೆ ಇಂದಿನ 24 ನಿಮಿಷ, ಎರಡು ಗಳಿಗೆ ಸೇರಿದರೆ ಒಂದು ಮುಹೂರ್ತ, ಏಳೂವರೆ ಗಳಿಗೆಗೆ ಒಂದು ಜಾವ. ತಳದಲ್ಲಿ ಸಣ್ಣ ತೂತಿರುವ ಬಟ್ಟಲನ್ನು ನೀರಿನ ಮೇಲೆ ತೇಲಬಿಟ್ಟು, ಅದು ತುಂಬಿ ಮುಳುಗಿದರೆ ಒಂದು ಗಳಿಗೆ ಎಂದು ಎಣಿಸುವ ಪದ್ಧತಿ ನಾಡಿನಲ್ಲೆಲ್ಲ ಇತ್ತು. ಆದರೆ ಈ ಲೆಕ್ಕ ದಿನನಿತ್ಯಕ್ಕಲ್ಲ, ಮದುವೆಗೆ, ಗೃಹಪ್ರವೇಶಕ್ಕೆ, ಮಗು ಹುಟ್ಟಿದಾಗ. ಹೊಲಕ್ಕೆ ಹೋಗುವವನು ಅರ್ಧ ಗಳಿಗೆ ತಡವಾದನೆಂದು ಯಾರೂ ಬೈದವರಿಲ್ಲ.

1876ರಿಂದ 78ರವರೆಗಿನ ಭೀಕರ ಬರ ಮೈಸೂರು ಸೀಮೆಯನ್ನು ಹಿಂಡಿ ಹಾಕಿತು. ದವಸ ಸಾಗಿಸಲು ರೈಲಿರಬೇಕು ಎಂಬ ಮಾತು ಆಮೇಲೆ ಬಲವಾಯಿತು. ಬೆಂಗಳೂರಿನಿಂದ ತುಮಕೂರಿನ ಮೇಲೆ ಗುಬ್ಬಿಯವರೆಗೆ 1884ರಲ್ಲಿ ಮೀಟರ್ ಗೇಜ್ ಹಳಿ ಬಂತು. ಮುಂದಿನ ಕೆಲಸ ಸದರ್ನ್ ಮರಾಠಾ ರೈಲ್ವೆ ಕಂಪನಿಯ ಕೈಗೆ ಹೋಗಿ, 1889ರಲ್ಲಿ ಹಳಿ ಹರಿಹರ ಮುಟ್ಟಿತು. ತಿಪಟೂರು, ಅರಸೀಕೆರೆ ದಾಟಿ ಬಂದ ಈ ದಾರಿ ಕಡೂರು, ಬೀರೂರು, ಅಜ್ಜಂಪುರಗಳನ್ನು ಒಂದೇ ದಾರದಲ್ಲಿ ಪೋಣಿಸಿತು. ಹತ್ತು ವರ್ಷದ ಮೇಲೆ, 1899ರಲ್ಲಿ, ಬೀರೂರಿನಿಂದ ಶಿವಮೊಗ್ಗಕ್ಕೆ ಕವಲು ಒಡೆದು ತರೀಕೆರೆಗೂ ರೈಲು ಬಂತು. ಬೀರೂರು ಜಂಕ್ಷನ್ ಆಯಿತು.

ಆ ರೈಲು ಕಡೂರಿನ ಹೊತ್ತಿಗೆ ಓಡುತ್ತಿರಲಿಲ್ಲ. ಅಂದಿನ ಭಾರತದಲ್ಲಿ ರೈಲುಗಳ ಗಡಿಯಾರ ನಡೆಯುತ್ತಿದ್ದದ್ದು ಮದ್ರಾಸ್ ವೀಕ್ಷಣಾಲಯದ ಲೆಕ್ಕದಲ್ಲಿ, ಗ್ರೀನಿಚ್‌ಗಿಂತ 5 ಗಂಟೆ 21 ನಿಮಿಷ ಮುಂದೆ. ದಿನಾ ಸಂಜೆ ನಾಲ್ಕಕ್ಕೆ ತಂತಿಯ ಮೂಲಕ ಸಮಯದ ಸನ್ನೆ ಬರುತ್ತಿತ್ತು, ಅದಕ್ಕೆ ಗಡಿಯಾರ ಹೊಂದಿಸಿಕೊಳ್ಳುತ್ತಿದ್ದರು. ಕಡೂರಿನ ಸೂರ್ಯನ ಲೆಕ್ಕ ಗ್ರೀನಿಚ್‌ಗಿಂತ ಸುಮಾರು 5 ಗಂಟೆ 4 ನಿಮಿಷ ಮುಂದೆ. ಅಂದರೆ ರೈಲು ಇಲ್ಲಿನ ಸೂರ್ಯನಿಗಿಂತ ಹದಿನೇಳು ನಿಮಿಷ ಮುಂದಿತ್ತು. ನೆರಳು ನೋಡಿಕೊಂಡು ‘ಇನ್ನೂ ಹೊತ್ತಿದೆ’ ಎಂದು ಮೂಟೆ ಹೊತ್ತು ಬಂದವನಿಗೆ ಗಾಡಿಯ ಹೊಗೆ ಮಾತ್ರ ಕಾಣಲು ಇಷ್ಟು ಅಂತರ ಸಾಕು.

1906ರ ಜನವರಿ 1ರಂದು ಭಾರತಕ್ಕೆಲ್ಲ ಒಂದೇ ಸಮಯ ಜಾರಿಗೆ ಬಂತು, ಗ್ರೀನಿಚ್‌ಗಿಂತ ಐದೂವರೆ ಗಂಟೆ ಮುಂದೆ. ಮದ್ರಾಸ್ ಸಮಯದಲ್ಲಿದ್ದ ಸ್ಟೇಷನ್ ಗಡಿಯಾರ ಸುಮಾರು ಒಂಬತ್ತು ನಿಮಿಷ ಮುಂದಕ್ಕೆ ಹಾರಿತು. ಮುಂಬಯಿ ನಗರ ಇದನ್ನು ಒಪ್ಪದೆ ತನ್ನದೇ ಸಮಯವನ್ನು 1955ರವರೆಗೂ ಇಟ್ಟುಕೊಂಡಿತ್ತು. ಎರಡನೇ ಮಹಾಯುದ್ಧದ ನಡುವೆ, 1942ರ ಸೆಪ್ಟೆಂಬರಿನಿಂದ 1945ರ ಅಕ್ಟೋಬರ್‌ವರೆಗೆ, ಭಾರತದ ಗಡಿಯಾರವನ್ನು ಇನ್ನೂ ಒಂದು ಗಂಟೆ ಮುಂದೆ ಮಾಡಿದ್ದರು. ಆ ಲೆಕ್ಕದಲ್ಲಿ ಕಡೂರಿನ ನಡುಹಗಲು ಒಂದೂ ಇಪ್ಪತ್ತಾರಕ್ಕೆ.

ಗಡಿಯಾರಕ್ಕಿಂತ ಆಳಕ್ಕೆ ಇಳಿದದ್ದು ‘ಲೇಟು’. ‘ತಡ’ ಮೊದಲೂ ಇತ್ತು. ಮಳೆ ತಡ, ಬಿತ್ತನೆ ತಡ, ಬೀಗರು ಬಂದದ್ದು ತಡ. ಆ ತಡಕ್ಕೆ ಅಳತೆ ಇರಲಿಲ್ಲ, ಅಳೆಯುವ ಅಗತ್ಯವೂ ಇರಲಿಲ್ಲ. ರೈಲಿನ ತಡಕ್ಕೆ ಅಳತೆ ಇತ್ತು. ಒಂಟಿ ಹಳಿಯ ಮೇಲೆ ಎದುರುಬದುರಾಗಿ ಬರುವ ಎರಡು ಗಾಡಿಗಳು ಯಾವುದೋ ಒಂದು ಸ್ಟೇಷನ್ನಿನಲ್ಲೇ ದಾಟಬೇಕಿತ್ತು. ಮುಂದಿನ ಸ್ಟೇಷನ್ನಿನಿಂದ ಲೈನ್ ಕ್ಲಿಯರ್ ಬಾರದೆ ಗಾಡಿ ಕದಲುವಂತಿರಲಿಲ್ಲ. ಹರಿಹರದ ಕಡೆಯಿಂದ ಬರುವ ಗಾಡಿ ಅಜ್ಜಂಪುರದಲ್ಲಿ ಇಪ್ಪತ್ತು ನಿಮಿಷ ನಿಂತರೆ ಕ್ರಾಸಿಂಗಿಗೆ ಕಾದ ಗಾಡಿಯೂ ಲೇಟು. ಬೀರೂರಿನಲ್ಲಿಳಿದು ತರೀಕೆರೆಗೋ ಶಿವಮೊಗ್ಗಕ್ಕೋ ಗಾಡಿ ಬದಲಿಸುವವನ ಎದೆ ಡವಡವ. ಒಬ್ಬರ ತಡ ಇನ್ನೊಬ್ಬರ ತಲೆಗೆ ಬರುವ ಈ ಸರಪಳಿ ಹೊಸದು. ಅದಕ್ಕೆ ಹೊಸ ಮಾತೇ ಬೇಕಾಯಿತು. ‘ಗಾಡಿ ಎಷ್ಟು ಲೇಟು?’ ಎಂದು ಕೇಳಿದರೆ ಉತ್ತರ ನಿಮಿಷದಲ್ಲಿ ಬರಬೇಕು. ಗಾಡಿ ಸರಿಯಾಗಿ ಬರುತ್ತಿದ್ದರೆ ‘ರೈಟ್ ಟೈಮ್’. ರೈಲ್ವೆ ನೌಕರರ ಈ ಮಾತು ಪ್ರಯಾಣಿಕರ ಬಾಯಿಗೂ ಬಂತು: ‘ಇವತ್ತು ರೈಟ್ ಟೈಮಂತೆ, ಬೇಗ ಹೊರಡು.’

ಗಾಡಿಯೇ ಗಡಿಯಾರವಾಗಲು ಬಹಳ ಕಾಲ ಹಿಡಿಯಲಿಲ್ಲ. ಹಳಿ ಪಕ್ಕದ ಹೊಲದವರಿಗೆ ಕೈಗಡಿಯಾರ ಬರುವುದಕ್ಕೆ ಎಷ್ಟೋ ಮೊದಲೇ ಸಿಳ್ಳು ಕೇಳುತ್ತಿತ್ತು. ‘ಮಧ್ಯಾಹ್ನದ ಗಾಡಿ ಹೋಯ್ತು, ಬುತ್ತಿ ಬಿಚ್ಚು’ ಎಂಬಂಥ ಮಾತಿನಲ್ಲಿ ಕಂಪನಿಯ ವೇಳಾಪಟ್ಟಿ ರಾಗಿ ಹೊಲದ ಕೆಲಸಕ್ಕೆ ಬಂದಿದೆ.

ತರೀಕೆರೆಯ ಕಥೆ ಇನ್ನೂ ಸ್ವಲ್ಪ ಬೇರೆ. ಇಲ್ಲಿಂದ ನರಸಿಂಹರಾಜಪುರಕ್ಕೆ ಎರಡಡಿ ಅಗಲದ ಸಣ್ಣ ಹಳಿಯ ಗಾಡಿಯೂ ಕಳೆದ ಶತಮಾನದ ಮೊದಲರ್ಧದಲ್ಲಿ ಓಡಿತು. ಬೀರೂರು-ಶಿವಮೊಗ್ಗ ಕವಲಿನ ಭದ್ರಾವತಿಯಲ್ಲಿ ವಿಶ್ವೇಶ್ವರಯ್ಯನವರ ಮುತುವರ್ಜಿಯಲ್ಲಿ ಕಬ್ಬಿಣದ ಕಾರ್ಖಾನೆ ಎದ್ದು, 1923ರಲ್ಲಿ ಉತ್ಪಾದನೆ ಶುರುವಾಯಿತು. ಅದಿರು ಬಂದದ್ದು ತರೀಕೆರೆ ಸೀಮೆಯ ಕೆಮ್ಮಣ್ಣುಗುಂಡಿಯಿಂದ. ಕುಲುಮೆ ಆರುವಂತಿಲ್ಲವಾದ್ದರಿಂದ ಕೆಲಸ ಶಿಫ್ಟಿನಲ್ಲಿ. ರಾತ್ರಿ ದುಡಿದು ಹಗಲು ಮಲಗುವ ಮನೆಗಳು ಹುಟ್ಟಿದ ಮೇಲೆ, ಸೂರ್ಯನನ್ನು ನೋಡಿ ಹೊತ್ತು ಹೇಳುವ ಕ್ರಮ ಅಂಥ ಮನೆಗಳಿಗೆ ಒದಗದೆ ಹೋಯಿತು. ‘ಅವರದು ನೈಟ್ ಶಿಫ್ಟು’ ಅಂದರೆ ಸಾಕು, ನೆಂಟರು ಹಗಲು ಬಾಗಿಲು ತಟ್ಟುತ್ತಿರಲಿಲ್ಲ.

ಆಮೇಲೆ ಬಸ್ಸು ಬಂತು. ಖಾಸಗಿ ಬಸ್ಸಿನ ಪರವಾನಗಿಯಲ್ಲೇ ಯಾವ ಊರನ್ನು ಎಷ್ಟು ಗಂಟೆಗೆ ಬಿಡಬೇಕೆಂದು ಬರೆದಿರುತ್ತದೆ. ಅದರಿಂದ ಟೈಮು ಒಂದು ಆಸ್ತಿಯೂ ಆಯಿತು. ‘ಇದು ನಮ್ಮ ಟೈಮು, ನಿನ್ನ ಗಾಡಿ ತೆಗಿ’ ಎಂದು ನಿಲ್ದಾಣದಲ್ಲಿ ಏಜೆಂಟರು ಜಗಳ ಕಾಯುವುದು ಎರಡು ನಿಮಿಷಕ್ಕೆ. ಆ ಎರಡು ನಿಮಿಷದಲ್ಲಿ ಹತ್ತು ಟಿಕೆಟ್ ಇರುತ್ತದೆ.

ಇಂಗ್ಲಿಷ್ ಮಾತು ಬಂದು ಕನ್ನಡದ್ದನ್ನು ನುಂಗಿತು ಎಂಬ ದೂರು ಇಲ್ಲಿಯ ಮಾತನ್ನು ಕಿವಿಗೊಟ್ಟು ಕೇಳಿದರೆ ನಿಲ್ಲುವುದಿಲ್ಲ. ಈ ಸೀಮೆಯವರು ಎರಡನ್ನೂ ಇಟ್ಟುಕೊಂಡರು, ಕೆಲಸ ಹಂಚಿಕೊಟ್ಟರು. ರೈಲು, ಬಸ್ಸು, ಕಚೇರಿ, ಸ್ಕೂಲು ಇಂಥ ಪರರ ಹಿಡಿತದಲ್ಲಿರುವುದಕ್ಕೆಲ್ಲ ಟೈಮು. ‘ಟೈಮಿಗೆ ಸರಿಯಾಗಿ ಹೋಗು’, ‘ಲೇಟಾದ್ರೆ ಒಳಗೆ ಬಿಡಲ್ಲ.’ ತಮ್ಮ ಕೈಯಲ್ಲಿರುವುದಕ್ಕೆ ಹೊತ್ತು. ‘ಇಷ್ಟು ಹೊತ್ತಿನಲ್ಲಿ ಎಲ್ಲಿಗೆ ಹೋಗ್ತೀಯ, ಉಂಡು ಮಲಗು’ ಎನ್ನುವ ಅಜ್ಜಿ ಅಲ್ಲಿ ಟೈಮು ಎನ್ನುವುದಿಲ್ಲ. ‘ಹೊತ್ತಿಗೆ ಸರಿಯಾಗಿ ಊಟ ಮಾಡು’ ಎನ್ನುವುದರಲ್ಲಿ ಅಕ್ಕರೆಯಿದೆ, ‘ಟೈಮಿಗೆ ಸರಿಯಾಗಿ ಬಾ’ ಎನ್ನುವುದರಲ್ಲಿ ಎಚ್ಚರಿಕೆ.

ಟೈಮಿಗೂ ಹೊತ್ತಿಗೂ ನಡುವಿನ ಗಡಿ ಒಂದು ಕಡೆ ಮಾತ್ರ ಪೂರ್ತಿ ಅಳಿಸಿದೆ. ಬೆಳೆ ಕೈಕೊಟ್ಟು ಸಾಲ ಏರಿದವನನ್ನು ಕುರಿತು ‘ಪಾಪ, ಅವನ ಟೈಮ್ ಸರಿಯಿಲ್ಲ’ ಎನ್ನುತ್ತಾರೆ. ಮೊದಲು ಅಲ್ಲಿ ಗ್ರಹಚಾರ ಇತ್ತು, ಕೆಟ್ಟ ಗಳಿಗೆ ಇತ್ತು. ಕಂಪನಿಯ ಗಡಿಯಾರದ ಮಾತು ಶನಿ, ರಾಹುಗಳ ಕೆಲಸವನ್ನೂ ಮಾಡತೊಡಗಿದ್ದು ಈ ಇತಿಹಾಸದ ಅತಿ ದೊಡ್ಡ ತಿರುವು. ‘ಎಲ್ಲದಕ್ಕೂ ಟೈಮ್ ಬರಬೇಕು’ ಎಂದು ಸಮಾಧಾನ ಹೇಳುವವರ ಮನಸ್ಸಿನಲ್ಲಿ ರೈಲೂ ಇಲ್ಲ, ಇಂಗ್ಲಿಷೂ ಇಲ್ಲ.

ಎರಡು ಲೆಕ್ಕವೂ ಕೂಡಿಬರುವುದು ಲಗ್ನಪತ್ರಿಕೆಯಲ್ಲಿ. ಬೆಳಿಗ್ಗೆ ಇಷ್ಟು ಗಂಟೆಯಿಂದ ಇಷ್ಟು ಗಂಟೆಯವರೆಗೆ ಸಲ್ಲುವ ಶುಭ ಲಗ್ನದಲ್ಲಿ ಎಂದು ಒಂದೇ ವಾಕ್ಯ. ಗಂಟೆ ದೇಶಕ್ಕೆಲ್ಲ ಒಂದೇ. ಲಗ್ನ ಮಾತ್ರ ಊರಿನ ಸೂರ್ಯನದು. ಕಡೂರಿನ ನಡುಹಗಲು ಬೆಂಗಳೂರಿಗಿಂತ ಆರು ನಿಮಿಷ ತಡ, ಆದ್ದರಿಂದ ಬೆಂಗಳೂರಿಗೆ ಗಣಿಸಿದ ಪಂಚಾಂಗ ಹಿಡಿದ ಪುರೋಹಿತರು ಇಲ್ಲಿಗೆ ಆ ವ್ಯತ್ಯಾಸ ಕೂಡಿಸಬೇಕು.

ಬಯಲುಸೀಮೆಯ ತೆಂಗು, ಅಡಕೆ, ಈರುಳ್ಳಿ ಬೆಳೆಗಾರರಿಗೆ ಈಗ ಇನ್ನೊಂದು ಟೈಮು ಬಂದಿದೆ. ಪಂಪ್‌ಸೆಟ್ಟಿಗೆ ತ್ರೀಫೇಸ್ ಕರೆಂಟ್ ಪಾಳಿಯ ಮೇಲೆ ಬರುತ್ತದೆ, ಕೆಲವು ಪಾಳಿ ರಾತ್ರಿ. ‘ಈ ವಾರ ಕರೆಂಟ್ ಟೈಮ್ ಯಾವುದು?’ ಎನ್ನುವುದು ತೋಟದವರು ಒಬ್ಬರನ್ನೊಬ್ಬರು ಕೇಳುವ ಮೊದಲ ಪ್ರಶ್ನೆ. ಅದಕ್ಕೆ ತಕ್ಕಂತೆ ನಿದ್ದೆ, ನೆಂಟಸ್ತಿಕೆ, ಸಂತೆ ಎಲ್ಲ ಹೊಂದಬೇಕು. ಅತ್ತ ಹಳಿಯ ಮೇಲೆ, 2013ರಲ್ಲಿ ಕಡೂರಿನಿಂದ ಚಿಕ್ಕಮಗಳೂರಿಗೆ ಹೊಸ ಕವಲು ತೆರೆಯಿತು. 2023ರ ಜೂನ್‌ನಲ್ಲಿ ಬೆಂಗಳೂರು-ಧಾರವಾಡ ವಂದೇ ಭಾರತ್ ಶುರುವಾದಾಗ ಅದರ ನಿಲುಗಡೆಯ ಪಟ್ಟಿಯಲ್ಲಿ ಕಡೂರೂ ಇರಲಿಲ್ಲ, ಬೀರೂರೂ ಇರಲಿಲ್ಲ, ಅಜ್ಜಂಪುರವೂ ಇರಲಿಲ್ಲ.