ಸೋರುವ ಮಾಡು, ದುರಸ್ತಿಯ ದರ

ಕರಾವಳಿಯಲ್ಲಿ ಸೋರುವ ಮಾಡನ್ನು ಯಾರ ಕೈಗೆ, ಎಷ್ಟಕ್ಕೆ ಒಪ್ಪಿಸಬೇಕು ಎಂಬ ಲೆಕ್ಕ ಹೊದಿಕೆ ಬದಲಾದಂತೆಲ್ಲ ಬದಲಾಗಿದೆ. ವರ್ಷಕ್ಕೆ 3,500 ಮಿಲಿಮೀಟರಿಗೂ ಮೀರಿ ಮಳೆ ಸುರಿಯುವ ದಕ್ಷಿಣ ಕನ್ನಡದಲ್ಲಿ ಹಿಂದೆ ಸಾಮಾನ್ಯರ ಮನೆಗೆ ಮುಳಿಹುಲ್ಲು, ಅಡಿಕೆಯ ಸೋಗೆ ಅಥವಾ ತೆಂಗಿನ ಮಡಲೇ ಹೊದಿಕೆ. ಅದು ಒಂದೆರಡು ಮಳೆಗಾಲಕ್ಕಷ್ಟೇ ಬಾಳುತ್ತಿತ್ತು. ಬೇಸಗೆ ಮುಗಿಯುವುದರೊಳಗೆ ನೆರೆಯವರು ಮುಯ್ಯಾಳಾಗಿ ಬಂದು ಹೊದಿಸಿಕೊಡುತ್ತಿದ್ದರು. ಹೊರಗಿನ ಆಳುಗಳಿಗೆ ಊಟದ ಜೊತೆ ಅಕ್ಕಿಯೋ ಭತ್ತವೋ ಸಲ್ಲುತ್ತಿತ್ತು. ಇಲ್ಲಿ ದರ ಹೋಲಿಸುವ ಮಾತೇ ಇರಲಿಲ್ಲ.

1865ರಲ್ಲಿ ಬಾಸೆಲ್ ಮಿಷನ್ನಿನ ಜಾರ್ಜ್ ಪ್ಲೆಬ್ಸ್ಟ್ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದರು. ಒಂದರ ಅಂಚು ಇನ್ನೊಂದರ ಗಾಡಿಯಲ್ಲಿ, ಅಂದರೆ ತೋಡಿನಲ್ಲಿ, ಕೂರುವ ಹಂಚಿಗೆ ಅಲ್ಸಾಸ್‌ನ ಗಿಲಾರ್ಡೋನಿ ಸಹೋದರರು 1841ರಲ್ಲೇ ಪೇಟೆಂಟ್ ಪಡೆದಿದ್ದರು. ಅದೇ ತತ್ವ ನೇತ್ರಾವತಿಯ ಜೇಡಿಮಣ್ಣಿನಲ್ಲಿ ಮೈದಾಳಿತು. ಮುಂದೆ ನೇತ್ರಾವತಿ, ಗುರುಪುರ ನದಿಗಳ ದಂಡೆಯಲ್ಲಿ ಕಾರ್ಖಾನೆಗಳ ಸಾಲೇ ಎದ್ದಿತು.

ಹಂಚಿನೊಂದಿಗೆ ‘ಕೈಯಾಡಿಸುವ’ ಕೆಲಸ ಬಂತು. ಮಳೆಗೆ ಮುಂಚೆ ಆಳುಗಳು ಮಾಡು ಹತ್ತಿ, ಗಾಡಿಯಲ್ಲಿ ತುಂಬಿದ ತರಗೆಲೆ, ಪಾಚಿ ಕೆರೆದು, ಒಡೆದ ಹಂಚು ಬದಲಿಸಿ, ಜಾರಿದ್ದನ್ನು ಮತ್ತೆ ರೀಪಿಗೆ ಕೂರಿಸುತ್ತಿದ್ದರು. ಎಲ್ಲಿ ಸೋರುತ್ತದೆ ಎಂದು ಹುಡುಕಲು ಪರಿಣತರು ಬೇಕಿರಲಿಲ್ಲ. ಏಪ್ರಿಲ್‌ ಮಧ್ಯಾಹ್ನ ಅಟ್ಟದ ಕತ್ತಲಲ್ಲಿ ನಿಂತರೆ ಹಲಗೆಯ ಮೇಲೆ ಬಿದ್ದ ಕಾಸಿನಗಲದ ಬಿಸಿಲೇ ಮೇಲಿನ ಬಿರುಕನ್ನು ತೋರಿಸುತ್ತಿತ್ತು. ಮನೆಯ ಯಜಮಾನ ತಾನೇ ಕಂಡದ್ದಕ್ಕೆ ಕೂಲಿ ಕೊಡುತ್ತಿದ್ದ. ಹಂಚಿನ ಮಾಡಿನ ದೊಡ್ಡ ಗುಣ ಇದೇ.

ಕೂಲಿಯ ದಾರಿ ಎರಡು. ದಿನಗೂಲಿಯಲ್ಲಿ ಕೆಲಸ ನಿಧಾನ, ಆದರೆ ಹಂಚಿನ ಮೇಲೆ ಹೆಜ್ಜೆ ಹಗುರ. ಗುತ್ತಿಗೆಯಲ್ಲಿ ಮೊತ್ತ ಮೊದಲೇ ಗೊತ್ತು, ಆದರೆ ಅವಸರದ ಕಾಲಿಗೆ ಹಂಚು ಹೆಚ್ಚು ಒಡೆಯುತ್ತದೆ. ಆದ್ದರಿಂದ ಒಡೆದ ಹಂಚು ಯಾರ ಲೆಕ್ಕಕ್ಕೆ, ಲಡ್ಡಾದ ರೀಪು, ಪಕ್ಕಾಸು ಅದೇ ಮೊತ್ತದಲ್ಲಿ ಸೇರಿದೆಯೇ ಎಂಬ ಮಾತು ಏಣಿ ಇಡುವ ಮೊದಲೇ ಆಗಬೇಕಿತ್ತು. ಅಳತೆಯಲ್ಲೂ ಎಡವಟ್ಟಿತ್ತು. 1,000 ಚದರಡಿ ನೆಲದ ಮನೆಗೆ 30 ಡಿಗ್ರಿ ಇಳಿಜಾರಿದ್ದರೆ, ಸೂರಿನ ಚಾಚು ಬಿಟ್ಟೇ ಮಾಡು ಸುಮಾರು 1,150 ಚದರಡಿಯಾಗುತ್ತದೆ. ಅದಕ್ಕೆ 1,600ರಷ್ಟು ಹಂಚು ಹಿಡಿಯುತ್ತದೆ. ಒಬ್ಬ ಮೇಸ್ತ್ರಿ ನೆಲ ಅಳೆದು, ಇನ್ನೊಬ್ಬ ಇಳಿಜಾರು ಅಳೆದು ದರ ಹೇಳಿದರೆ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡುವುದು ತಪ್ಪು. ಕಾರ್ಖಾನೆಯಿಂದ ಕಾರ್ಖಾನೆಗೆ ಗಾಡಿ ತುಸು ಬೇರೆಯಾದರೂ ಹಂಚು ಸರಿಯಾಗಿ ಕೂರದು. ಅದಕ್ಕೇ ಅದೇ ಮುದ್ರೆಯ ಒಂದಷ್ಟು ಹಂಚನ್ನು ಹಿತ್ತಲಲ್ಲಿ ಒಟ್ಟಿಡುವ ರೂಢಿ ಬೆಳೆಯಿತು.

ಆರ್‌ಸಿಸಿ ತಾರಸಿ ಬಂದ ಮೇಲೆ ಈ ನೇರ ಲೆಕ್ಕ ಕೈತಪ್ಪಿತು. ಪ್ಯಾರಾಪೆಟ್‌ ಬುಡದಲ್ಲಿ ಇಳಿದ ನೀರು ಕಾಂಕ್ರೀಟಿನೊಳಗೆ ಹರಿದು, ಹತ್ತಡಿ ಆಚೆ ಅಡುಗೆಮನೆಯ ಸೂರಿನಲ್ಲಿ ಕಲೆಯಾಗಿ ಕಾಣಿಸೀತು. ಒಬ್ಬ ಬಿರುಕಿಗೆ ಸಿಮೆಂಟ್ ಬಳಿಯುವ ದರ ಕೊಡುತ್ತಾನೆ, ಇನ್ನೊಬ್ಬ ಹಳೆಯ ಗಾರೆ ಕಿತ್ತು ಮತ್ತೆ ವಾಟ ಕೊಡುವುದಕ್ಕೆ, ಮತ್ತೊಬ್ಬ ರಾಸಾಯನಿಕ ಲೇಪಕ್ಕೆ. ಮೂರು ಕೊಟೇಶನ್‌ಗಳೂ ಮೂರು ಬೇರೆ ಕೆಲಸದವು. ಕಡಿಮೆ ಮೊತ್ತದ್ದು ಅಗ್ಗದ್ದೆಂದು ಹೇಳಲಾಗದು. ಇದಕ್ಕೆ ನೆಚ್ಚಬಹುದಾದ ಪರೀಕ್ಷೆ, ನೀರು ಹೋಗುವ ಕೊಳವೆ ಮುಚ್ಚಿ ತಾರಸಿಯಲ್ಲಿ ಒಂದು ದಿನ ನೀರು ಕಟ್ಟಿ ನೋಡುವುದು. ಹಣದ ಕೊನೆಯ ಕಂತನ್ನು ಆ ಪರೀಕ್ಷೆಯವರೆಗೆ, ಸಾಧ್ಯವಾದರೆ ಒಂದು ಮಳೆಗಾಲದವರೆಗೆ, ತಡೆಹಿಡಿಯುವುದು ನ್ಯಾಯವಾದ ಕರಾರು.

ಈಚೆಗೆ ತಾರಸಿಯ ಮೇಲೆ ಕಬ್ಬಿಣದ ಚೌಕಟ್ಟು ನಿಲ್ಲಿಸಿ ಶೀಟು ಹೊದಿಸುವುದು ಕರಾವಳಿಯುದ್ದಕ್ಕೂ ಕಾಣುತ್ತದೆ. ಹಂಚಿನ ಮನೆಗಳಲ್ಲೂ ಹಂಚು ಇಳಿಸಿ ಶೀಟು ಹಾಕುವುದುಂಟು. ಅಲ್ಲಿ ದರದ ಮಾತಿಗೆ ಇನ್ನೊಂದು ಬಾಬು ಸೇರುತ್ತದೆ: ಇಳಿಸಿದ ಹಳೆಯ ಹಂಚು ಮನೆಯವರಿಗೋ ಗುತ್ತಿಗೆದಾರನಿಗೋ ಎಂಬುದು. ಗಟ್ಟಿ ಹಂಚಿಗೆ ಈಗಲೂ ಕೊಳ್ಳುವವರಿರುವುದರಿಂದ, ಅದರ ಬೆಲೆ ಕಳೆದೇ ಮೊತ್ತ ಗೊತ್ತುಮಾಡಲಾಗುತ್ತದೆ.