ನೋವು ಹೋಗಬೇಕು, ಕಾಲಿನ ಕಸುವು ಉಳಿಯಬೇಕು

ಸವೆದ ಸೊಂಟದ ಕೀಲನ್ನು ತೆಗೆದು ಕೃತಕ ಕೀಲು ಕೂರಿಸಿದರೆ ಅರ್ಧ ಕೆಲಸವಷ್ಟೇ ಮುಗಿದಂತೆ. ರೋಗಿ ಅಂದೋ ಮರುದಿನವೋ ಎದ್ದು ನಾಲ್ಕು ಹೆಜ್ಜೆ ಹಾಕಬೇಕು. ಹಾಸಿಗೆಯಲ್ಲೇ ಉಳಿದರೆ ಕಾಲಿನ ರಕ್ತನಾಳಗಳಲ್ಲಿ ರಕ್ತ ಹೆಪ್ಪುಗಟ್ಟುವ ಭಯ. ಆದರೆ ನೋವು ಏಳಲು ಬಿಡುವುದಿಲ್ಲ. ಮಾರ್ಫಿನ್ ಹೆಚ್ಚು ಕೊಟ್ಟರೆ ನೋವೇನೋ ಅಡಗುತ್ತದೆ. ವಾಂತಿ, ಮಂಪರು, ವೃದ್ಧರಲ್ಲಿ ಬುದ್ಧಿಯ ಗಲಿಬಿಲಿ ಬೆನ್ನಿಗೇ ಬರಬಹುದು. ಇದಕ್ಕೆ ವೈದ್ಯರು ಕಂಡುಕೊಂಡ ದಾರಿ, ನೋವಿರುವ ಭಾಗವನ್ನಷ್ಟೇ ಮರಗಟ್ಟಿಸುವ ಪ್ರಾದೇಶಿಕ ಅರಿವಳಿಕೆ. ಇದರ ಇತಿಹಾಸ ನೂರು ವರ್ಷಕ್ಕೂ ಹಳೆಯದು.

1884ರಲ್ಲಿ ವಿಯೆನ್ನಾದ ವೈದ್ಯ ಕಾರ್ಲ್ ಕೋಲರ್, ಕೊಕೇನ್ ಹನಿ ಹಾಕಿ ಕಣ್ಣನ್ನು ಮರಗಟ್ಟಿಸಬಹುದೆಂದು ತೋರಿಸಿಕೊಟ್ಟರು. ಹದಿನಾಲ್ಕು ವರ್ಷಗಳ ನಂತರ, 1898ರ ಆಗಸ್ಟ್‌ನಲ್ಲಿ, ಜರ್ಮನಿಯ ಕೀಲ್ ನಗರದ ಶಸ್ತ್ರವೈದ್ಯ ಆಗಸ್ಟ್ ಬೀರ್ ಅದೇ ಕೊಕೇನನ್ನು ಬೆನ್ನುಹುರಿಯ ಸುತ್ತಲಿನ ದ್ರವಕ್ಕೆ ಸೇರಿಸಿ ಕಾಲಿನ ಶಸ್ತ್ರಚಿಕಿತ್ಸೆ ನಡೆಸಿದರು. ನೋವು ತಿಳಿಯಲಿಲ್ಲ, ಆದರೆ ಆಮೇಲೆ ತಲೆನೋವು, ವಾಂತಿ ಕಾಡಿದವು. ಕಾರಣ ತಿಳಿಯಲು ಬೀರ್ ತಮ್ಮ ಬೆನ್ನನ್ನೇ ಪ್ರಯೋಗಕ್ಕೆ ಒಡ್ಡಿದರು. ಸೂಜಿಗೆ ಸಿರಿಂಜ್ ಸರಿಯಾಗಿ ಕೂರದೆ ಬೆನ್ನಿನ ದ್ರವ ಸೋರಿತು. ಬಳಿಕ ಸಹಾಯಕ ಹಿಲ್ಡೆಬ್ರಾಂಟ್ ಬೆನ್ನು ಕೊಟ್ಟರು. ಬೀರ್ ಅವರ ಕಾಲಿಗೆ ಕಬ್ಬಿಣದ ಸುತ್ತಿಗೆಯಿಂದ ಹೊಡೆದರು, ಉರಿಯುವ ಸಿಗಾರ್ ಒತ್ತಿದರು. ಹಿಲ್ಡೆಬ್ರಾಂಟ್‌ಗೆ ನೋವೇ ಇಲ್ಲ! ಆದರೆ ಬೀರ್ ಒಂಬತ್ತು ದಿನ ತಲೆನೋವಿನಿಂದ ಬಳಲಿದರು, ಮಲಗಿದರಷ್ಟೇ ನೆಮ್ಮದಿ. ದ್ರವ ಸೋರಿದ್ದೇ ಇದಕ್ಕೆ ಕಾರಣವೆಂದು ಅವರು ಊಹಿಸಿದರು.

ಕೊಕೇನ್ ವಿಷಕಾರಿ, ಚಟ ಹಿಡಿಸುವಂಥದ್ದು. ಅದಕ್ಕೆ ಬದಲಿಯಾಗಿ ಸ್ವೀಡನ್ನಿನಲ್ಲಿ 1943ರಲ್ಲಿ ಲಿಡೊಕೇನ್, 1957ರಲ್ಲಿ ಹೆಚ್ಚು ಹೊತ್ತು ಕೆಲಸ ಮಾಡುವ ಬುಪಿವಕೇನ್ ತಯಾರಾದವು. 1962ರಲ್ಲಿ ಇಂಗ್ಲೆಂಡಿನ ಜಾನ್ ಚಾರ್ನ್‌ಲೀ ಪಾಲಿಎಥಿಲೀನ್ ಬಟ್ಟಲಿನ ಸೊಂಟದ ಕೀಲು ಬಳಸಿದ ಮೇಲೆ ಈ ಶಸ್ತ್ರಚಿಕಿತ್ಸೆ ಜಗತ್ತಿನಾದ್ಯಂತ ಹರಡಿತು. ಬೀರ್ ತೋರಿದ ಬೆನ್ನಿನ ಚುಚ್ಚುಮದ್ದು ಅದಕ್ಕೆ ಹೇಳಿ ಮಾಡಿಸಿದಂತಿತ್ತು.

ಬೆನ್ನಿನ ಮದ್ದು ಕೆಲವೇ ಗಂಟೆಗಳಲ್ಲಿ ಇಳಿಯುತ್ತದೆ. ನೋವು ಮರಳದಂತೆ ತೊಡೆಯ ಮುಂಭಾಗದ ಫೆಮೊರಲ್ ನರಕ್ಕೆ ಮದ್ದು ಕೊಡುವ ರೂಢಿ ಬಂತು. ಅಲ್ಲೊಂದು ತೊಡಕು. ಮಂಡಿಯನ್ನು ನೇರ ಹಿಡಿಯುವ ಸ್ನಾಯುವಿಗೂ ಅದೇ ನರ. ನೋವು ಹೋದ ಹುಮ್ಮಸ್ಸಿನಲ್ಲಿ ರೋಗಿ ಎದ್ದರೆ ಮಂಡಿ ಕುಸಿದು ಬೀಳಬಹುದು.

ಹೀಗಾಗಿ ಹುಡುಕಾಟ ಸೂಕ್ಷ್ಮವಾಗುತ್ತ ಬಂತು. ಅಲ್ಟ್ರಾಸೌಂಡ್ ಪರದೆಯ ಮೇಲೆ ಸೂಜಿಯ ದಾರಿಯನ್ನು ನೋಡುತ್ತಲೇ ಚುಚ್ಚುವುದು ಸಾಧ್ಯವಾಯಿತು. 2018ರಲ್ಲಿ ಕೆನಡಾದ ಟೊರಾಂಟೊ ವೈದ್ಯರು, ಸೊಂಟದ ಕೀಲಿನಿಂದ ನೋವಿನ ಸುದ್ದಿ ಒಯ್ಯುವ ಸಣ್ಣ ಕವಲುಗಳನ್ನಷ್ಟೇ ಗುರಿಯಾಗಿಸುವ 'ಪೆಂಗ್' ವಿಧಾನವನ್ನು ಪ್ರಕಟಿಸಿದರು. ಮದ್ದು ಹೆಚ್ಚಾಗಿ ಹರಡಿದರೆ ಇದರಲ್ಲೂ ಕಾಲು ಸೋಲಬಹುದು. ಆದ್ದರಿಂದ ಮೊದಲ ಹೆಜ್ಜೆಗೆ ಇಂದಿಗೂ ಒಬ್ಬರ ಆಸರೆ ಬೇಕೇ ಬೇಕು.